ಮೂವತ್ತನಾಲ್ಕನೇ ವಾಕ್ಯ

ಅವತ್ತು ಬೆಳಿಗ್ಗೆ ಚಿಕ್ಕನಿಂಗಮ್ಮನೂ ನಾನೂ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಇಬ್ಬರೂ ಮಾತಾಡಲಿಲ್ಲ. ನಾನು ಮೊದಲಿಂದಲೂ ಮಾತು ಕಡಿಮೆಯವಳು. ಅವಳಾದರೆ ಬೇಗೂರಿನಿಂದ ಮೊದಲ ಬಸ್ಸಿಗೆ ಬಂದು, ಗುಂಡ್ಲುಪೇಟೆಯ ನಮ್ಮ ಮನೆಯ ಕಸ ಮುಸುರೆ ಮುಗಿಸುವಷ್ಟರಲ್ಲಿ ಊರಿನ ಸುದ್ದಿಯನ್ನೆಲ್ಲ ಹೇಳಿಬಿಡುತ್ತಿದ್ದಳು. ಅವಳ ತಾಯಿ ದೊಡ್ಡಮಲ್ಲಮ್ಮ ತೀರಿಕೊಂಡು ತಿಂಗಳಾಗಿತ್ತು. ತಿಥಿ ಮುಗಿಸಿ ಬಂದ ಮೇಲೂ ಮಾತಾಡಿದ್ದಳು. ಸೋಮವಾರದಿಂದ ಈಚೆಗೆ ಮೌನ. ಎಂದಿನಂತೆ ಕೆನ್ನೆಗೆ ಅರಿಶಿನ ಹಚ್ಚಿಕೊಂಡಿದ್ದಳು, ಆದರೆ ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಿದ್ದಳು. ನಾನು ಹೆಕ್ಕಿ ಬಟ್ಟಲಿಗೆ ಹಾಕಿದೆ.

ಆಗ ಸುಧಾಮಣಿ ಮೇಡಂ ಮಹಡಿಯಿಂದ ಇಳಿದು ಬಂದರು. ಕೈಯಲ್ಲಿ ರೆಕಾರ್ಡರ್ ಇತ್ತು.

"ಇದರೊಳಗಿನ ಕಾರ್ಡ್ ಇಲ್ಲ. ದೊಡ್ಡಮಲ್ಲಮ್ಮನವರ ದನಿ ಪೂರ್ತಿ ಅದರಲ್ಲೇ ಇತ್ತು!"

ಮೇಡಂ ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದು ಸಂಶೋಧನೆ ಮಾಡುತ್ತಿದ್ದರು. ಪದಗಳ ತುದಿಗೆ ಏನೇನು ಅಂಟಿಕೊಳ್ಳುತ್ತದೆ ಎಂಬುದು ಅವರ ವಿಷಯ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ತಾಳ್ಮೆಯಿಂದ ಹೇಳಿದ್ದರು. ತುರ್ಕಿ ಭಾಷೆಯ 'ಎವಿಮ್ದೆ' ಅಂದರೆ 'ನನ್ನ ಮನೆಯಲ್ಲಿ'. ಅಲ್ಲಿ 'ನನ್ನ' ಎಂಬುದೂ ಮನೆಗೇ ಅಂಟಿಕೊಂಡಿರುತ್ತದೆ. ಸ್ಪೇನಿನವರ 'ದಾಮೆಲೊ' ಎಂಬ ಒಂದೇ ಪದ 'ಅದನ್ನು ನನಗೆ ಕೊಡು' ಅನ್ನುತ್ತದೆ. ನಮ್ಮ ಕನ್ನಡದ 'ಹೊಡೆದಳು' ಹೊಡೆದವಳನ್ನು ಮಾತ್ರ ತೋರಿಸುತ್ತದೆ, ಪೆಟ್ಟು ತಿಂದವರು ಬೇರೆ ನಿಲ್ಲಬೇಕು. ಸಿಂಧಿಯಲ್ಲಿ ಇಬ್ಬರೂ ಒಂದೇ ಪದದ ತುದಿಗೆ ಬಂದು ಕೂರಬಹುದಂತೆ. ಇದನ್ನೆಲ್ಲ ಹೋಲಿಸಲು ಅರವತ್ತು ವಾಕ್ಯಗಳ ಒಂದು ಪಟ್ಟಿ ಮಾಡಿಕೊಂಡು, ಯಾವ ಭಾಷೆಯವರು ಸಿಕ್ಕರೂ ಅದನ್ನೇ ಕೇಳುತ್ತಿದ್ದರು.

"ಇನ್ನೊಂದು ಕಾಪಿ ಇಲ್ವಾ?" ಎಂದು ಖಾಲಾ ಕೇಳಿದರು. ಖಾಲಾ ಅಂದರೆ ನನ್ನ ಅಮ್ಮನ ಅಕ್ಕ, ಉಮ್ಮೆ ಹಬೀಬಾ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಆಗಿದ್ದು ನಿವೃತ್ತರಾದವರು. ನಮ್ಮ ಬೀದಿಯಲ್ಲಿ ಏನೇ ಕಳೆದರೂ ಜನ ಮೊದಲು ಅವರ ಹತ್ತಿರ ಬರುತ್ತಾರೆ.

"ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟು ಒಂದೂವರೆ ತಿಂಗಳಾಯ್ತು. ಸೋಮವಾರ ಚಾಮರಾಜನಗರಕ್ಕೆ ಹೋಗಿ ತಂದೆ. ಇವತ್ತು ಕಾಪಿ ಮಾಡೋಣ ಅಂತ ತೆಗೆದರೆ ಕಾರ್ಡೇ ಇಲ್ಲ. ಮಾದೇಶ್‌ಗೆ ಬೇರೆ ಬರೋಕೆ ಹೇಳಿದ್ದೀನಿ."

ಮಾದೇಶ್ ಚಿಕ್ಕನಿಂಗಮ್ಮನ ತಮ್ಮ. ಅವ್ವನದು ಒಂದು ವಿಡಿಯೋನೂ ಇಲ್ಲ, ದನಿಯಾದರೂ ಕೊಡಿ ಎಂದು ತಿಥಿಯ ದಿನವೇ ಮೇಡಂ ಕೈ ಹಿಡಿದು ಕೇಳಿದ್ದ.

ಖಾಲಾ ಕನ್ನಡಕ ಏರಿಸಿ ರೆಕಾರ್ಡರನ್ನು ತಿರುಗಿಸಿ ನೋಡಿದರು. ಸದ್ದಿನ ಗುಂಡಿ ತೀರಾ ಕೆಳಕ್ಕೆ ಇಳಿದಿತ್ತು. ಸ್ಪೀಕರಿನ ಜಾಲರಿಗೆ ಹಳದಿ ಪುಡಿ ಹತ್ತಿತ್ತು.

"ಕೋಣೆಗೆ ಯಾರು ಹೋಗಿದ್ರು?"

"ಸೋಮವಾರ ತೌಸಿಫ್ ಫ್ಯಾನ್ ರಿಪೇರಿಗೆ ಬಂದಿದ್ದ..." ಎಂದು ಮೇಡಂ ಸಂಕೋಚದಿಂದ ಹೇಳಿದರು.

ತೌಸಿಫ್ ಖಾಲಾನ ಮಗ. ಮೊಬೈಲ್ ಅಂಗಡಿ ಇಟ್ಟವನು. ತಿಂಡಿ ತಿನ್ನುತ್ತಿದ್ದವನು ಎದ್ದು ಬಂದ. "ನನ್ನ ಅಂಗಡೀಲಿ ಡಬ್ಬದ ತುಂಬ ಕಾರ್ಡ್ ಬಿದ್ದಿದೆ ಮೇಡಂ. ಆ ಅಜ್ಜಿ ಮಾತು ಕದ್ದು ರಿಂಗ್‌ಟೋನ್ ಇಟ್ಕೊಳ್ಲಾ?" ಅಂದವನು ಚಿಕ್ಕನಿಂಗಮ್ಮನನ್ನು ಕಂಡು ನಾಲಿಗೆ ಕಚ್ಚಿಕೊಂಡ. ಅವಳು ತಲೆ ಎತ್ತಲಿಲ್ಲ.

ಖಾಲಾ ನನ್ನನ್ನು ಅಡುಗೆಮನೆಗೆ ಕರೆದರು. "ಫಾಯಿಜಾ, ಬೇಗೂರಲ್ಲಿ ಅವರ ಮನೇಲಿ ರೆಕಾರ್ಡ್ ಮಾಡುವಾಗ ನೀನಿದ್ದೆ. ಏನು ಕಂಡೆ?"

"ಮೇಡಂ ತಾವು ಕೇಳುವಾಗ ಗುಂಡಿ ಒತ್ತಿ ನಿಲ್ಲಿಸುತ್ತಿದ್ದರು. ಅಜ್ಜಿ ಹೇಳುವಾಗ ಮಾತ್ರ ಶುರು ಮಾಡುತ್ತಿದ್ದರು."

"ಚಿಕ್ಕನಿಂಗಮ್ಮ?"

"ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು." ನನಗೆ ಅಲ್ಲಿಗೇ ನಿಲ್ಲಿಸಬೇಕು ಅನಿಸಿತು. ಖಾಲಾ ಕಾದರು. "ಸೋಮವಾರ ಮಹಡಿ ಗುಡಿಸಿ ಬಂದವಳು ಊಟ ಮಾಡಲಿಲ್ಲ. ಹೋಗುವಾಗ, 'ಸುಧಕ್ಕ ಅವ್ವ ಅಂದಿದ್ನೆಲ್ಲ ಬುಕ್ಕಲ್ಲಿ ಆಕ್ತರಾ ಕಣಮ್ಮಿ? ಊರೋರೆಲ್ಲ ಓದ್ತರಾ?' ಅಂತ ಕೇಳಿದಳು."

ಹನ್ನೊಂದು ಗಂಟೆಗೆ ಮಾದೇಶ್ ಬಂದ. ಖಾಲಾ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದರು.

"ತೌಸಿಫ್‌ಗೆ ಕೇಳಬೇಕು ಅನಿಸಿದ್ದರೆ ಕಾರ್ಡನ್ನ ತನ್ನ ಫೋನಿಗೆ ಹಾಕ್ಕೊಂಡು ಕೇಳೋನು. ಇದನ್ನ ಕೇಳಿದವರು ಸದ್ದು ತಗ್ಗಿಸಿ, ಮುಖಕ್ಕೆ ಒತ್ತಿಕೊಂಡು ಕೇಳಿದ್ದಾರೆ. ಜಾಲರಿಗೆ ಅರಿಶಿನ ಹತ್ತಿದೆ. ಈ ಮನೇಲಿ ಕೆನ್ನೆಗೆ ಅರಿಶಿನ ಹಚ್ಚೋರು ಒಬ್ಬರೇ." ಖಾಲಾ ದನಿ ಇಳಿಸಿದರು. "ಕದಿಯೋಕೆ ಹೋದವಳಲ್ಲ ನೀನು. ತಾಯಿ ದನಿ ಕೇಳೋ ಆಸೆಗೆ ಹೋದೆ. ಏನೋ ಕೇಳಿಸ್ತು, ಅದು ಬೇರೆಯವರ ಕಿವಿಗೆ ಬೀಳಬಾರದು ಅಂತ ಕಾರ್ಡ್ ತೆಗೆದೆ. ಬುಕ್ಕಲ್ಲಿ ಬರುತ್ತಾ ಅಂತ ಹೆದರಿ ಕೇಳಿದ್ದು ಅದಕ್ಕೇ. ಅಲ್ವೇನಮ್ಮ?"

"ಏನ್ ಕೇಳುಸ್ತು ಅಂತ ನಾನೇ ಏಳ್ತೀನಿ ಅಮ್ಮಾವ್ರೆ," ಎಂದಳು ಚಿಕ್ಕನಿಂಗಮ್ಮ. "'ಮಗ್ಳು ನನ್ನ ಒಡದ್ಲು. ಮಗ್ಳು ನಂಗೆ ಇಟ್ಟು ಇಕ್ಲಿಲ್ಲ. ಮಗ್ಳು ನನ್ನ ಬುಟ್ಟೋದ್ಲು.' ಎಲ್ಡು ವರ್ಸ ಈ ಕೈಯಲ್ಲೇ ತಿನ್ಸಿವ್ನಿ. ಇಂಗೆ ಅಂದ್ಬುಟ್ಲಲ್ಲ ಅವ್ವ. ನನ್ ತಮ್ಮ ಇದ್ನ ಕೇಳ್ಬುಟ್ರೆ ನಾನು ಎಂಗ್ ಮೊಕ ತೋರ್ಸ್ಲಿ? ಒಲೆಗಾಕ್ಬುಟ್ಟೆ."

ಮೇಡಂ ಬಾಯಿ ಮುಚ್ಚಿಕೊಂಡರು.

"ನಿಮ್ಮ ಪಟ್ಟಿ ಓದಿ," ಎಂದರು ಖಾಲಾ.

ಮೇಡಂ ನೋಟ್‌ಬುಕ್ ತಂದು ಓದಿದರು. "ಮೂವತ್ತನಾಲ್ಕು: ಮಗಳು ನನ್ನನ್ನು ಹೊಡೆದಳು. ಮೂವತ್ತೈದು: ಮಗಳು ನನಗೆ ಊಟ ಕೊಡಲಿಲ್ಲ. ಮೂವತ್ತಾರು: ಮಗಳು ನನ್ನನ್ನು ಬಿಟ್ಟು ಹೋದಳು." ಆಮೇಲೆ ಚಿಕ್ಕನಿಂಗಮ್ಮನ ಕಡೆ ತಿರುಗಿದರು. "ಯಾರು ಯಾರಿಗೆ ಏನು ಮಾಡಿದರು ಅಂತ ಎಲ್ಲ ಭಾಷೆಯಲ್ಲೂ ಕೇಳೋ ವಾಕ್ಯಗಳು ನಿಂಗಮ್ಮ. ನಾನು ಹೇಳಿಕೊಟ್ಟಿದ್ದನ್ನ ನಿಮ್ಮವ್ವ ತಮ್ಮ ಮಾತಲ್ಲಿ ಹೇಳಿದರು. ನನ್ನ ದನಿ ಬೆರೆಯಬಾರದು ಅಂತ ಕೇಳುವಾಗ ನಿಲ್ಲಿಸ್ತಿದ್ದೆ. ನಿಮಗೆ ಉತ್ತರ ಮಾತ್ರ ಕೇಳಿಸಿದೆ."

"ಕಡೇವರೆಗೂ ಕೇಳ್ದಾ ಅಕ್ಕಾ?" ಎಂದ ಮಾದೇಶ್.

ಅವಳು ತಲೆ ಅಲ್ಲಾಡಿಸಿದಳು. ಇಲ್ಲ.

ಮೇಡಂ ಪುಟ ತಿರುವಿದರು. "ಪಟ್ಟಿ ಮುಗಿದ ಮೇಲೆ ನಿಲ್ಲಿಸೋದು ಮರೆತಿದ್ದೆ. ಅವರು ಜೋರಾಗಿ ನಕ್ಕು, 'ನೀ ಅನ್ನು ಅಂದೆ ಅಂತ ಅಂದೆ ಕಣಮ್ಮಿ. ನಮ್ ನಿಂಗಿ ಬಾಯ್ಗೆ ಇಕ್ದೆ ಇದ್ದಿದ್ರೆ ನಾನು ಇಲ್ಲಿಗಂಟ ಇರ್ತಿದ್ನಾ?' ಅಂದರು. ಇಲ್ಲಿ ಬರಕೊಂಡಿದ್ದೀನಿ. ದನಿ ಆ ಕಾರ್ಡಲ್ಲಿತ್ತು."

ಹೊರಗೆ ಹೈವೇ ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು. ಮಾದೇಶ್ ಅಕ್ಕನ ಪಕ್ಕ ನೆಲದ ಮೇಲೆ ಕೂತು, ಅವಳ ಸೆರಗಿನ ತುದಿ ಹಿಡಿದುಕೊಂಡ. ಯಾವುದೇ ಪತ್ತೆ ಮುಗಿದಾಗ ಖಾಲಾ ನನ್ನ ಕಡೆ ತಿರುಗಿ ಒಂದು ಲೋಟ ಚಾ ಕೇಳುತ್ತಾರೆ. ಅವತ್ತು ಕೇಳಲಿಲ್ಲ. ಅಜ್ಜಿ ನಕ್ಕಾಗ ನಾನೂ ಆ ಕೋಣೆಯಲ್ಲೇ ಇದ್ದೆ.

ಚಿಕ್ಕನಿಂಗಮ್ಮ ಮೇಡಂ ಮುಖ ನೋಡಿದಳು. ಆಮೇಲೆ ನನ್ನ ಮುಖ.

"ಅವ್ವ ಎಂಗ್ ನಕ್ಲು? ಯಾರಾದ್ರೂ ಒಂದ್ಸಲ ಅಂಗೇ ನಕ್ಕು ತೋರ್ಸಿ."