ಮೂರನೆಯ ಕಮಾನು

ಕಾರು ಇದ್ದಲ್ಲೇ ಇತ್ತು. ಅದರ ಟಾಪು ಮಾತ್ರ ಇರಲಿಲ್ಲ.

ಆಗಸ್ಟ್ ತಿಂಗಳ ಶುಕ್ರವಾರ, ಮಧ್ಯಾಹ್ನ ಮೂರೂವರೆ. ಸಂಘದ ಸಭಾಂಗಣದಲ್ಲಿ ಹುರಿದ ಮೀನು ತಿಂದು, ನಾಲ್ಕು ಆಟ ಇಸ್ಪೀಟು ಮುಗಿಸಿ ಬಂದ ಫ್ಲೋರಿಯನ್ ಮಜೂರ್ ಹಿತ್ತಲ ಗ್ಯಾರೇಜಿನ ಬಾಗಿಲು ಮೇಲೆತ್ತಿ ಹಾಗೇ ನಿಂತುಬಿಟ್ಟ. ಆಗಷ್ಟೇ ತನ್ನ ಅಂಗಡಿಯಿಂದ ಬಂದು ಬೆನ್ನ ಹಿಂದೆ ನಿಂತಿದ್ದ ಎರ್ವಿನ್ ಟಟ್ಲ್ ಪಕ್ಕಕ್ಕೆ ಸರಿದು ಒಳಗೆ ನೋಡಿದ. ಮರುದಿನ ಹಳೆಯ ಟಾಪು ಬಿಚ್ಚಿ ಹೊಸದು ಹಾಕಬೇಕಿದ್ದವನು ಈ ಎರ್ವಿನ್ನೇ. ಕಾರು ಕಾರ್ಖಾನೆಗಳ ಊರಾದ ಹ್ಯಾಮ್‌ಟ್ರಾಮಿಕ್‌ನಲ್ಲಿ ಕಾರಿನ ಟಾಪು, ಸೀಟು ಹೊಲಿಯುವ ಕೆಲಸ ಅವನದು. ಈಗ ಕೆನೆಬಣ್ಣದ ಆ ಉದ್ದ ಕಾರಿನ ಮೇಲೆ ಟಾಪಿನ ಬಟ್ಟೆಯನ್ನು ಹೊರುವ ಕಮಾನುಗಳು ಬರಿಮೈಯಲ್ಲಿ ನಿಂತಿದ್ದವು. ಬಟ್ಟೆ ಇಲ್ಲ, ಬಟ್ಟೆಯ ಅಡಿಯ ಹತ್ತಿಯ ಗಾದಿಪಟ್ಟಿಗಳೂ ಇಲ್ಲ. ರೇಡಿಯೋ ಇತ್ತು. ಕಾರಿನ ಕೀಲಿ ಕೂಡ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು.

ಒಂದು ಮನೆಯಷ್ಟು ಬೆಲೆಬಾಳುವ ಕಾರನ್ನು ಬಿಟ್ಟು ಹರಕು ಬಟ್ಟೆಯನ್ನು ಕದ್ದವನು ಎಂಥ ಕಳ್ಳ? ಪೊಲೀಸಿನವನು ಬಂದು ಅದೇ ಪ್ರಶ್ನೆ ಕೇಳಿದ, ನಗು ತಡೆದುಕೊಂಡು ಎರಡು ಸಾಲು ಗೀಚಿಕೊಂಡ, ಹೊರಟುಹೋದ. ಅವನನ್ನು ಬೈದು ಪ್ರಯೋಜನವಿರಲಿಲ್ಲ. 1966ರ ಹಾರ್ಲನ್ ರೀಜೆಂಟ್ ಎಂದರೇನು ಎಂದು ಆ ವಯಸ್ಸಿನವರಿಗೆ ಎಲ್ಲಿ ಗೊತ್ತು?

ಹಾರ್ಲನ್ ಕಂಪನಿ ರೀಜೆಂಟನ್ನು ಗಟ್ಟಿ ಚಾವಣಿಯಲ್ಲೇ ಮಾಡಿತ್ತು, ತೆರೆದ ಮಾದರಿ ಮಾಡಲೇ ಇಲ್ಲ. ಒಬ್ಬ ಡೀಲರ್ ಹಟ ಹಿಡಿದು ಐದು ಕಾರುಗಳನ್ನು ಹ್ಯಾಮ್‌ಟ್ರಾಮಿಕ್‌ನ ಒಂದು ಪುಟ್ಟ ವರ್ಕ್‌ಶಾಪಿಗೆ ತಂದುಬಿಟ್ಟ. ಅಲ್ಲಿದ್ದವರು ಒಂಬತ್ತೇ ಜನ. ಫ್ಲೋರಿಯನ್ ಚಾವಣಿ ಕೊಯ್ದ, ಮೈ ಜೋಲದಂತೆ ಅಡಿಯಲ್ಲಿ ಉಕ್ಕಿನ ಪಟ್ಟಿ ಬೆಸೆದ. ಒಳಗಿನ ಕೋಣೆಯಲ್ಲಿ, ಮುಂದೆ ಅವನ ಹೆಂಡತಿಯಾದ ಹೆಲೆನಾ, ಎಲ್ಲರ ಬಾಯಲ್ಲಿ ಹೆಲ್ಚಾ, ಮಡಿಸುವ ಟಾಪು ಹೊಲಿದಳು. ‘ಲೇಕ್‌ಶೋರ್’ ಎಂದು ಹೆಸರಿಟ್ಟು ಮಾರಿದ ಆ ಐದರಲ್ಲಿ ಒಂದು ಸುಟ್ಟುಹೋಯಿತು, ಮೂರನ್ನು ಚಳಿಗಾಲದ ರಸ್ತೆಯ ಉಪ್ಪು ತಿಂದುಹಾಕಿತು. ಉಳಿದದ್ದು ಇದೊಂದೇ, ಕೆಲವು ವರ್ಷದ ಮೇಲೆ ಫ್ಲೋರಿಯನ್ ಕೊಂಡುಕೊಂಡದ್ದು. ವರ್ಕ್‌ಶಾಪಿದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ ಇದೆ.

ಆದರೆ ಫ್ಲೋರಿಯನ್‌ನ ಸಂಕಟ ಕಾರಿಗಾಗಿ ಅಲ್ಲ. ಆ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಟಾಪು ಹೊಲಿದವರು ಕೊನೆಯ ಗಾದಿಪಟ್ಟಿಯ ಬಾಯಿ ಮುಚ್ಚುವ ಮೊದಲು ತಮ್ಮ ಹೆಸರು, ತಾರೀಖು, ಮನಸ್ಸಿಗೆ ಬಂದ ಒಂದು ಮಾತು ಬರೆದ ಚೀಟಿಯನ್ನು ಒಳಗಿಟ್ಟು ಹೊಲಿದುಬಿಡುತ್ತಿದ್ದರು. ಟಾಪು ಹರಿದು ಬಿಚ್ಚುವ ದಿನದವರೆಗೂ ಅದನ್ನು ಯಾರೂ ಓದುವಂತಿರಲಿಲ್ಲ. ನಾಳೆ, ಶನಿವಾರ ಹತ್ತು ಗಂಟೆಗೆ ಹಳೆಯ ಟಾಪನ್ನು ಪ್ರದರ್ಶನಕ್ಕೆ ಒಯ್ಯಲು ಮ್ಯೂಸಿಯಮ್ಮಿನವರು ಬಂದಾಗ ಅವರ ಮುಂದೆಯೇ ಅದನ್ನು ಬಿಚ್ಚುವುದೆಂದು ನಿಗದಿಯಾಗಿತ್ತು. ಹೆಲ್ಚಾ ಹೋಗಿ ಆರು ತಿಂಗಳು. ಇಪ್ಪತ್ತೇಳು ವರ್ಷ ಸಂಸಾರ ಮಾಡಿದರೂ ಅವಳು ಗಂಡನಿಗೆ ಒಂದು ಕಾಗದ ಬರೆದವಳಲ್ಲ. ಅವಳ ಕೈಬರಹ ಎಂದು ಮನೆಯಲ್ಲಿ ಉಳಿದದ್ದು ಉಪ್ಪಿನಕಾಯಿ ಬಾಟಲಿಯ ಮೇಲಿನ ತಾರೀಖುಗಳು ಮಾತ್ರ. ಆ ಚೀಟಿಯೊಂದು ಇದೆಯಲ್ಲ ಎಂಬ ಧೈರ್ಯದಲ್ಲೇ ಅವನು ಈ ಬೇಸಿಗೆ ಕಳೆದಿದ್ದ.

ಫ್ಲೋರಿಯನ್ ಹೇಳಿಕಳಿಸಿದ ಮೇಲೆ ಐದು ಗಂಟೆಗೆ ರೊಸೆಟ್ಟಾ ಪಿಂಕ್ನಿ ಬಂದಳು. ಎರಡು ಬೀದಿಯಾಚೆಯ ಹೆಂಗಸು, ಅರವತ್ತೇಳು ವರ್ಷ, ಕುಳ್ಳಿ, ಕನ್ನಡಕ ಸರಪಳಿಯಲ್ಲಿ ನೇತಾಡುತ್ತದೆ. ಮೊದಲ ಎಂಟು ವರ್ಷ ಕಾರ್ಖಾನೆಯಲ್ಲಿ ಸೀಟು ಹೊಲಿದವಳು. ಆಮೇಲೆ ವಿಮಾ ಕಂಪನಿ ಸೇರಿ, ‘ನನ್ನ ಕಾರು ಕಳವಾಯಿತು’ ಎಂದು ಅಳುತ್ತ ಬಂದವರ ಸುಳ್ಳನ್ನು ಇಪ್ಪತ್ತಾರು ವರ್ಷ ಹೆಕ್ಕಿ ತೆಗೆದವಳು. ಕಾರಿನ ಸುತ್ತ ಎರಡು ಸುತ್ತು ಬಂದಳು. ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಬ್ಬಿದಳು.

“ಟಾಪು ಬಿಗಿದಿದ್ದ ಮೊಳೆ ಎಲ್ಲಿ ಬಿದ್ದಿದ್ವು?”

“ಬಿದ್ದಿರಲಿಲ್ಲ. ಅಲ್ನೋಡಿ, ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ,” ಎಂದ ಫ್ಲೋರಿಯನ್.

“ಒಳ್ಳೇ ಶಿಸ್ತಿನ ಕಳ್ಳ. ನಮ್ಮ ಮನೆಗೂ ಒಂದ್ಸಲ ಬರ್ಲಿ.”

ಅವಳ ಕಣ್ಣು ಕಮಾನುಗಳ ಮೇಲೆ ನಿಂತಿತು. ಒಂದು ಕಮಾನಿನಿಂದ ಇನ್ನೊಂದಕ್ಕೆ ಕಿರಿದಾದ ಬಿಳಿ ಬಟ್ಟೆಪಟ್ಟಿ ಕಟ್ಟಿತ್ತು. ಗಾದಿಪಟ್ಟಿ ತೆಗೆದರೆ ಕಮಾನುಗಳು ಮನಸ್ಸಿಗೆ ಬಂದಂತೆ ವಾಲುತ್ತವೆ. ಆಮೇಲೆ ಹೊಸ ಟಾಪು ಏನು ಮಾಡಿದರೂ ಕೂರುವುದಿಲ್ಲ. ಹಾಗಾಗದಂತೆ ಕಟ್ಟಿದ ಪಟ್ಟಿ ಅದು. ರೊಸೆಟ್ಟಾ ಟೇಪು ಹಿಡಿದು ಅಳೆದಳು. ಎರಡನೆಯ ಕಮಾನಿಗೂ ಮೂರನೆಯದಕ್ಕೂ ನಡುವೆ ಹದಿನೈದು ಇಂಚು.

ಎರ್ವಿನ್ ಅಲ್ಲವೆಂದು ತಲೆಯಾಡಿಸಿದ. ಹಿಂದಿನ ವಾರ ತಾನೇ ಅಳೆದು ಬರೆದುಕೊಂಡದ್ದು ಹದಿನಾಲ್ಕು, ಕಳ್ಳ ಅಂದಾಜಿಗೆ ಕಟ್ಟಿ ಎಡವಟ್ಟು ಮಾಡಿದ್ದಾನೆ ಎಂದು ಪುಸ್ತಕ ತೆಗೆದು ತೋರಿಸಿದ. ರೊಸೆಟ್ಟಾ ಪುಸ್ತಕ ನೋಡಿದಳು, ಅವನನ್ನೂ ನೋಡಿದಳು. ಫ್ಲೋರಿಯನ್ ಹೊರಗಿದ್ದಾಗ, ಹನ್ನೊಂದರಿಂದ ಮೂರರವರೆಗೆ, ಎಲ್ಲಿದ್ದೆ ಎಂದು ಕೇಳಿದಳು. ಅಂಗಡಿಯಲ್ಲೇ, ಒಬ್ಬನೇ, ಎಂದ. ಹೇಳುವಾಗ ಕಿವಿ ಕೆಂಪಾಯಿತು.

ಫ್ಲೋರಿಯನ್‌ಗೆ ಮಾತ್ರ ಕಳ್ಳ ಯಾರೆಂಬ ಅನುಮಾನವೇ ಇರಲಿಲ್ಲ. ಲೈಲ್ ವಾಂಡರ್‌ಹೂಫ್! ಗ್ರಾಸ್ ಪಾಯಿಂಟಿನ ಸಿರಿವಂತ. ಎರಡು ವರ್ಷದ ಹಿಂದೆ ಇದೇ ಗ್ಯಾರೇಜಿಗೆ ಬಂದು, ಮೀಸೆ ತಿರುವುತ್ತ, ಈ ಕಾರನ್ನು ಮೂಲೆಮೂಲೆ ಅಳೆದುಕೊಂಡು ಹೋಗಿ ಒಂದು ನಕಲಿ ಲೇಕ್‌ಶೋರ್ ಮಾಡಿಸಿದವನು. ಅಸಲಿ ಟಾಪು, ಒಳಗೆ ಅಸಲಿ ಚೀಟಿ ಸಿಕ್ಕರೆ ಅವನ ನಕಲಿ ಕಾರಿಗೂ ಜನ್ಮಪತ್ರ ಸಿಕ್ಕಿದಂತೆ. ಬುಧವಾರವಷ್ಟೇ ಫೋನು ಮಾಡಿ ‘ಆ ಹಳೇ ಬಟ್ಟೆ ಬಿಸಾಡೋದಾದ್ರೆ ನನಗೆ ಕೊಡಿ’ ಎಂದಿದ್ದ.

ರೊಸೆಟ್ಟಾ ಅಡುಗೆಮನೆಯಿಂದಲೇ ಅವನಿಗೆ ಫೋನು ಹಚ್ಚಿದಳು. ಕಳವಿನ ಮಾತೇ ಎತ್ತಲಿಲ್ಲ. ಅವನ ಕಾರನ್ನು ಹೊಗಳಿದಳು, ಟಾಪನ್ನು ಹೊಗಳಿದಳು, ಕಮಾನುಗಳ ನಡುವಿನ ಅಳತೆ ಎಷ್ಟೆಂದು ಕೇಳಿದಳು. ಅವನು ಹೆಮ್ಮೆಯಿಂದ ಹೇಳಿದ: ಮಜೂರ್‌ನ ಕಾರಿನಲ್ಲಿ ಇರುವಷ್ಟೇ, ಕೂದಲೆಳೆ ವ್ಯತ್ಯಾಸವಿಲ್ಲ, ಹದಿನಾಲ್ಕು. ರೊಸೆಟ್ಟಾ ಧನ್ಯವಾದ ಹೇಳಿ ಫೋನು ಇಟ್ಟಳು.

“ಅಳತೆ ಕಟ್ಕೊಂಡು ಏನಾಗ್ಬೇಕು?” ಫ್ಲೋರಿಯನ್‌ಗೆ ರೇಗಿಹೋಯಿತು. “ನನ್ನ ಹೆಂಡ್ತಿ ಚೀಟಿ ಹೋಗಿದೆ ಕಣ್ರೀ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನ ಓದ್ಬೇಕಿತ್ತು ನಾನು.”

ಅಷ್ಟರಲ್ಲಿ ಯಾದ್ಜಾ ಪ್ಲಮ್ ಹಣ್ಣಿನ ಕೇಕು ಹಿಡಿದು ಮೆಟ್ಟಿಲಿಳಿದು ಬಂದಳು. ಹೆಲ್ಚಾಳ ಅಕ್ಕ ಅವಳು, ಮದುವೆಯಾಗದವಳು. ಎರಡಂತಸ್ತಿನ ಆ ಮನೆಯಲ್ಲಿ ಮೇಲಿನದು ಅವಳದು, ಕೆಳಗಿನದು ಇವರದು. ಇಪ್ಪತ್ತು ವರ್ಷದಿಂದ ಅದೇ ಏರ್ಪಾಡು. ಮಧ್ಯಾಹ್ನವೆಲ್ಲ ಚರ್ಚಿನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ, ಕೆಳಗಿನ ಸದ್ದು ಕೇಳಿಸಲಿಲ್ಲ ಎಂದಳು. ನೀವೂ ಕಾರಿನ ಟಾಪು ಹೊಲಿಯುತ್ತಿದ್ದಿರಾ ಎಂದು ರೊಸೆಟ್ಟಾ ಲೋಕಾಭಿರಾಮವಾಗಿ ಕೇಳಿದಳು.

“ನಾನು ಪಾದ್ರಿಗಳ ನಿಲುವಂಗಿ ಹೊಲಿಯೋಳಮ್ಮ,” ಎಂದಳು ಯಾದ್ಜಾ. “ಕಾರು ಗೀರು ಎಲ್ಲ ನಮ್ಮ ಹೆಲ್ಚಾಂದು.” ಕೇಕು ಕೊಯ್ದು ಎಲ್ಲರಿಗೂ ಹಂಚಿದಳು. ತಾನು ಮುಟ್ಟಲಿಲ್ಲ.

ಕೇಕಿನ ಜೊತೆ ಬೀದಿಗೆಲ್ಲ ಬಾಯಿಪಾಠವಾಗಿದ್ದ ಹಳೆಯ ಕತೆಯೂ ಬಂತು. ಮೇ ತಿಂಗಳ ಸೋಮವಾರ, ಐದನೆಯ ಕಾರು, ಅಂದರೆ ಇದೇ. ಟಾಪು ಮೊದಲ ಸಲಕ್ಕೇ ಒಂದು ಸುಕ್ಕಿಲ್ಲದೆ ಕೂತಿತು. ತಮಾಷೆ ಮಾಡಲು ಬಂದಿದ್ದ ಫ್ಲೋರಿಯನ್ ಅದನ್ನು ನೋಡಿ ನೇರ ಹೊಲಿಗೆ ಕೋಣೆಗೆ ಹೋಗಿ, ‘ಈ ಟಾಪು ಹೊಲಿದ ಕೈಯನ್ನೇ ಮದುವೆ ಆಗ್ಬೇಕು ನಾನು’ ಎಂದ. ಹೆಲ್ಚಾ ಬೆಳ್ಳಗಾದಳು, ಕೆಂಪಾದಳು, ಹೂಂ ಎಂದಳು. ಎಷ್ಟು ಸಲ ಹೇಳಿದರೂ ಅವನಿಗೆ ಸಾಕಾಗದ ಕತೆ. ಈ ಸಲ ಮುಗಿಸಿ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

ರೊಸೆಟ್ಟಾ ಎದ್ದು ಗ್ಯಾರೇಜಿಗೆ ಹೋದಳು. ಅಲ್ಲಿ ಗೋಡೆಯ ಮೇಲೆ ಆ ಸೋಮವಾರದ್ದೇ ಒಂದು ಫೋಟೋ ಇತ್ತು: ಹೊಸ ಕಾರು, ಮುಂದೆ ಫ್ಲೋರಿಯನ್, ಪಕ್ಕದಲ್ಲಿ ಹೆಲ್ಚಾ. ಕನ್ನಡಕ ಏರಿಸಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲಿಗೆ ಬಂದು, ಎಲ್ಲರೂ ಬನ್ನಿ, ಯಾದ್ಜಾ ನೀವೂ ಬನ್ನಿ ಎಂದು ಕರೆದಳು.

“ಎರ್ವಿನ್, ನಿನ್ನ ಕಿವಿ ಯಾಕಪ್ಪ ಕೆಂಪಾಗಿದ್ದು?”

ಅಂಗಡಿಯಲ್ಲಿ ನಿದ್ದೆ ಹೊಡೆಯುತ್ತಿದ್ದೆ ಎಂದು ಅವನು ಒಪ್ಪಿಕೊಂಡ.

“ನೀನಲ್ಲ ಬಿಡು. ನಾಳೆ ಹೇಗೂ ನಿನ್ನ ಕೈಗೇ ಬರೋ ಬಟ್ಟೇನ ಇವತ್ತು ಯಾಕೆ ಕದೀತೀಯ? ಕದ್ದಿದ್ರೂ ಹದಿನಾಲ್ಕಕ್ಕೇ ಕಟ್ತಿದ್ದೆ. ವಾಂಡರ್‌ಹೂಫ್ ಕಳಿಸಿದೋನಾದ್ರೆ ಚಾಕು ಹಾಕಿ ಕಿತ್ಕೊಂಡು ಹೋಗ್ತಿದ್ದ. ನಾಳೆ ಹೊಸ ಟಾಪು ಸರಿಯಾಗಿ ಕೂರ್ಲಿ ಅಂತ ಅವನಿಗೆ ಯಾಕೆ ಚಿಂತೆ? ಈ ಕಳ್ಳರಿಗೆ ಕಾರಿನ ಮೇಲೆ ಪ್ರೀತಿ ಇದೆ. ಆದ್ರೆ ಪ್ರಶ್ನೆ ಅದಲ್ಲ. ಹದಿನೈದು ಎಲ್ಲಿಂದ ಬಂತು?”

“ತಪ್ಪು ಕಟ್ಟಿದ್ದಾರೆ, ಅಷ್ಟೇ,” ಎಂದ ಎರ್ವಿನ್.

“ಫೋಟೋ ನೋಡು. ಗಂಡ ಹೆಂಡ್ತೀನ ನೋಡ್ಬೇಡ, ಟಾಪು ನೋಡು. ಮೂರನೇ ಕಮಾನಿನ ಉಬ್ಬು ಎಲ್ಲಿದೆ?”

ಉಬ್ಬು ಬಾಗಿಲಿನ ಹಿಂದಿನ ಅಂಚಿನ ನೇರಕ್ಕೆ ಸರಿಯಾಗಿತ್ತು. ಎರ್ವಿನ್ ಕಾರಿನ ಕಡೆ ತಿರುಗಿದ. ಬಿಳಿ ಪಟ್ಟಿ ಕಟ್ಟಿ ನಿಲ್ಲಿಸಿದ ಕಮಾನೂ ಈಗ ಅದೇ ನೇರದಲ್ಲಿ ನಿಂತಿತ್ತು. ಬಟ್ಟೆ ವರ್ಷ ಕಳೆದಂತೆ ಬಿಗಿದುಕೊಂಡು ಕಮಾನನ್ನು ಮುಂದಕ್ಕೆ ಎಳೆದಿದೆ ಎಂದು ರೊಸೆಟ್ಟಾ ವಿವರಿಸಿದಳು. ಎರ್ವಿನ್ ಅಳೆದದ್ದು ಎಳೆದ ಮೇಲಿನ ಅಳತೆ, ವಾಂಡರ್‌ಹೂಫ್ ನಕಲು ಮಾಡಿದ್ದೂ ಅದನ್ನೇ. ಹದಿನೈದು ಇಂಚು ಮೊದಲ ದಿನದ ಅಳತೆ. ಎಲ್ಲಿಯೂ ಬರೆದಿಟ್ಟದ್ದಲ್ಲ.

“ಮಜೂರ್, ನಿಮಗೆ ಗೊತ್ತಿತ್ತಾ?”

“ಇಲ್ಲ. ನಾನು ಕಬ್ಬಿಣ ಕೊಯ್ಯೋನು. ಅದು ಗೊತ್ತಿದ್ದಿದ್ದು ಮೊದಲು ಟಾಪು ಕೂರಿಸಿದೋರಿಗೆ. ಅಂದ್ರೆ ಹೆಲ್ಚಾಗೆ.”

“ಹೆಲ್ಚಾ ಇವತ್ತು ಬಂದು ಪಟ್ಟಿ ಕಟ್ಲಿಲ್ಲ,” ಎಂದಳು ರೊಸೆಟ್ಟಾ, ಮೆಲ್ಲಗೆ. “ಹಾಗಾದ್ರೆ ಅವತ್ತು ಟಾಪು ಕೂರಿಸಿದೋರು ಬೇರೆ ಯಾರೋ. ಅವರಿನ್ನೂ ಇದ್ದಾರೆ. ಈ ಮನೆ ಬೀಗದ ಕೈ ಅವರ ಹತ್ರ ಇದೆ. ಅಲ್ವಾ ಯಾದ್ಜಾ?”

ಯಾದ್ಜಾ ಎಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

“ಟಾಪು ನನ್ನ ಇಸ್ತ್ರಿ ಬಟ್ಟೆಯ ಬುಟ್ಟಿಯಲ್ಲಿದೆ. ಒಂದು ಹೊಲಿಗೇನೂ ಕೊಯ್ದಿಲ್ಲ,” ಎಂದಳು.

ಆಮೇಲೆ ಎಲ್ಲವನ್ನೂ ತಾನಾಗಿ ಹೇಳಿದಳು. ಆ ವಸಂತದಲ್ಲಿ ಮಷೀನಿನ ಸೂಜಿ ಹೆಲ್ಚಾಳ ಹೆಬ್ಬೆರಳನ್ನು ತೂರಿಹೋಗಿತ್ತು. ಕೆಲಸ ಹೋದೀತೆಂಬ ಹೆದರಿಕೆಯಿಂದ ಅವಳು ಮಾಲೀಕನಿಗೆ ಹೇಳಲಿಲ್ಲ. ಒಂಬತ್ತು ದಿನ, ಎಲ್ಲರೂ ಮನೆಗೆ ಹೋದ ಮೇಲೆ, ಅಕ್ಕ ಬಂದು ಹೊಲಿದು ಹೋಗುತ್ತಿದ್ದಳು. ಯಾದ್ಜಾ ತನ್ನ ಆಯುಷ್ಯದಲ್ಲಿ ಹೊಲಿದು ಕೂರಿಸಿದ್ದು ಅದೊಂದೇ ಟಾಪು. ಅದರ ಅಳತೆ ಮರೆಯುವುದಾದರೂ ಹೇಗೆ? ಕೊನೆಯಲ್ಲಿ ಪದ್ಧತಿಯಂತೆ ಚೀಟಿಯನ್ನೂ ಇಟ್ಟಳು, ತನ್ನ ಹೆಸರಿನಲ್ಲಿ. ಮರುದಿನ ಬೆಳಿಗ್ಗೆ ಫ್ಲೋರಿಯನ್ ಹೊಲಿಗೆ ಕೋಣೆಗೆ ನುಗ್ಗಿದ.

“ಅವಳು ಹೂಂ ಅಂದುಬಿಟ್ಟಿದ್ಲು. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ನೀನು ಆ ಕತೆ ಹೇಳಿದಾಗೆಲ್ಲ ಎದ್ದು ಒಳಗೆ ಹೋಗ್ತಿದ್ಲಲ್ಲ, ನಾಚಿಕೆ ಅಂದ್ಕೊಂಡ್ಯಾ ನೀನು? ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, ಅಕ್ಕಾ, ಅವರು ಟಾಪು ಬಿಚ್ಚದ ಹಾಗೆ ನೋಡ್ಕೋ ಅಂದ್ಲು. ಸುಳ್ಳು ಹೇಳಿ ಮದುವೆಯಾದೋಳು ಅಂತ ಗೊತ್ತಾಗೋದು ಬೇಡ ಅಂದ್ಲು.”

ಫ್ಲೋರಿಯನ್ ಕಾರಿನ ಬಾಗಿಲಿಗೆ ಆತುಕೊಂಡ. ಓದಬೇಕೆಂದು ಕಾದಿದ್ದ ಹೆಲ್ಚಾಳ ಚೀಟಿ ಯಾವತ್ತೂ ಇರಲೇ ಇಲ್ಲ. ಅದು ಒಂದು ದುಃಖ. ಇನ್ನೊಂದು ಅದಕ್ಕಿಂತ ದೊಡ್ಡದು.

“ನನಗೆ ಟಾಪಿನ ಬಗ್ಗೆ ಏನು ಗೊತ್ತಿತ್ತು ಯಾದ್ಜಾ? ಸುಕ್ಕಿದ್ದಿದ್ರೂ ಅದನ್ನೇ ಹೇಳ್ತಿದ್ದೆ. ಒಂದು ವರ್ಷದಿಂದ ಅವಳನ್ನ ಮಾತಾಡಿಸೋಕೆ ನೆಪ ಹುಡುಕ್ತಿದ್ದೆ ನಾನು. ಅವತ್ತು ಒಂದು ಸಿಕ್ತು. ನೆಪ ಅಂತ ಅವಳಿಗೆ ಒಂದ್ಸಲ ಹೇಳಿದ್ರೆ ಆಗಿತ್ತಲ್ಲ. ಹೇಳ್ಲೇ ಇಲ್ವಲ್ಲ ನಾನು.”

ಹೇಳುತ್ತ ಹೇಳುತ್ತ ಅವನು ಅತ್ತ. ಯಾದ್ಜಾ ಕೂಡ ಅತ್ತಳು. ಎರ್ವಿನ್ ಮೊಳೆಯ ಡಬ್ಬಿಯನ್ನು ನೋಡುತ್ತ ನಿಂತ. ರೊಸೆಟ್ಟಾ, ವಿಮಾ ಕಂಪನಿಯಲ್ಲಿ ಕಲಿಯದ ಕೆಲಸವೊಂದನ್ನು ಮಾಡಿದಳು: ಇಬ್ಬರಿಗೂ ಒಂದೊಂದು ಪೆಪ್ಪರ್‌ಮಿಂಟು ಕೊಟ್ಟಳು.

ಶನಿವಾರ ಹತ್ತಕ್ಕೆ ಮ್ಯೂಸಿಯಮ್ಮಿನವರು ಬಂದಾಗ ಹಳೆಯ ಟಾಪನ್ನು ಕಾರಿನ ಮೇಲೆ ಮಡಿಸಿಟ್ಟಿದ್ದರು. ಅವರೆದುರಿಗೇ ಗಾದಿಪಟ್ಟಿ ಬಿಚ್ಚಿದರು. ಚೀಟಿಯಲ್ಲಿ ಯಾದ್ವಿಗಾ ಸೊಬಾಲಾ ಎಂದು ಯಾದ್ಜಾಳ ಪೂರ್ಣ ಹೆಸರು, ತಾರೀಖು, ‘ತಂಗಿಗೋಸ್ಕರ’ ಎಂಬ ಒಂದೇ ಮಾತು. ಗಾಜಿನ ಕೆಳಗಿಡುವ ಫಲಕಕ್ಕೆ ವಿವರ ತುಂಬಿಸಿ ಕೊಡಿ ಎಂದು ಅವರು ಕಾಗದ ಚಾಚಿದರು. ಫ್ಲೋರಿಯನ್ ಬಾನೆಟ್ಟಿನ ಮೇಲಿಟ್ಟುಕೊಂಡು ನಿಧಾನವಾಗಿ ಬರೆದ. ಚಾವಣಿ ಕೊಯ್ದವರು: ಫ್ಲೋರಿಯನ್ ಮಜೂರ್. ಟಾಪು ಹೊಲಿದವರು: ಯಾದ್ವಿಗಾ ಸೊಬಾಲಾ. ಯಾದ್ಜಾ ಅವನ ಹೆಗಲ ಮೇಲಿಂದ ಇಣುಕಿ ನೋಡಿದಳು.

“ಹೆಲ್ಚಾ ಹೆಸರು ಎಲ್ಲೂ ಇಲ್ವಲ್ಲೋ,” ಎಂದಳು.

ಒಂದು ಕಾಲಂ ಬಾಕಿಯಿತ್ತು. ಅದು ಕಾರಿನ ಒಡೆಯರದು. ಇಪ್ಪತ್ತೆರಡು ವರ್ಷದಿಂದ ಆ ಕಾರಿನ ಎಲ್ಲ ಕಾಗದಗಳಲ್ಲೂ ಅಲ್ಲಿ ಇದ್ದದ್ದು ಅವನ ಹೆಸರೇ. ಅವನು ಪೆನ್ನು ಸರಿಯಾಗಿ ಹಿಡಿದುಕೊಂಡು, ಹೆಲೆನಾ ಮಜೂರ್ ಎಂದು ಬರೆದ.