ಬಡ ದೇಶದ ಸೈಕಲ್ಲು

ವನ್ನಾಕ್ ಬಾಯಿ ಬಿಟ್ಟರೆ ತನ್ನ ಕತೆ ಮುಗಿಯಿತು ಎಂಬುದು ರಿತ್ತಿಗೆ ಗೊತ್ತಿತ್ತು. ಬಾಯಿ ಬಿಡಹೊರಟವನು ಹೆಂಡತಿಯ ಒಡಹುಟ್ಟಿದ ತಮ್ಮ ಎಂಬುದೇ ಅವನ ಹೊಟ್ಟೆಗೆ ಬೆಂಕಿ ಇಟ್ಟಿತ್ತು.

ಕಾಂಬೋಡಿಯಾ ಬಡ ದೇಶವೆಂದು ಯುರೋಪು ಅಲ್ಲಿನ ಸರಕಿಗೆ ಸುಂಕ ಹಾಕುತ್ತಿರಲಿಲ್ಲ. ಆದರೆ ಸರಕು ಅಲ್ಲೇ ತಯಾರಾಗಿರಬೇಕು. ರಿತ್ತಿಯ ಕಾರ್ಖಾನೆಯಲ್ಲಿ ಒಂದು ಸೈಕಲ್ಲೂ ತಯಾರಾಗುತ್ತಿರಲಿಲ್ಲ. ಗಡಿಯಾಚೆಯಿಂದ ಸಿದ್ಧವಾಗಿ ಬಂದವಕ್ಕೆ ಕಾಂಬೋಡಿಯಾದ ಹೆಸರು ಅಂಟಿಸಿ ಹಡಗು ಹತ್ತಿಸುತ್ತಿದ್ದ. ಈಗ ಯುರೋಪಿನ ತಪಾಸಣೆಯವರು ಬರುವವರಿದ್ದರು.

"ನಾವು ಸಿಕ್ಕಿಬಿದ್ರೆ ಸುಂಕದ ರಿಯಾಯಿತಿ ದೇಶದೋರೆಲ್ಲರ ಕೈತಪ್ಪುತ್ತೆ ಭಾವ. ಪಕ್ಕದ ಕಾರ್ಖಾನೇಲಿ ನಿಜವಾಗ್ಲೂ ಬೆಸುಗೆ ಹಾಕೋ ಹೆಣ್ಮಕ್ಕಳ ಅನ್ನಕ್ಕೆ ಮಣ್ಣು ಹಾಕ್ತೀರಾ? ನಾನೇ ಹೋಗಿ ಹೇಳಿಬಿಡ್ತೀನಿ," ಎಂದಿದ್ದ ಕಾರ್ಖಾನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ವನ್ನಾಕ್.

"ಹಬ್ಬ ಮುಗೀಲಿ ಮಾರಾಯ, ಇಬ್ರೂ ಹೋಗೋಣ."

ಹೊಸ ವರ್ಷಕ್ಕೆ ಕೆಲಸಗಾರರೆಲ್ಲ ಊರಿಗೆ ಹೋಗಿದ್ದರು. ಕುಡಿದ ವನ್ನಾಕ್ ಕೊಳವೆ ಅದುಮುವ ದೊಡ್ಡ ಯಂತ್ರಕ್ಕೆ ತಲೆ ಕೊಟ್ಟ ಎಂದರೆ ಯಾರು ಅನುಮಾನಿಸುತ್ತಾರೆ? ಮೇಲಾಗಿ, ಯಂತ್ರವೊಂದು ಆಳನ್ನೇ ನುಂಗಿದ ಮೇಲೆ, ಇಲ್ಲಿ ಸೈಕಲ್ಲು ತಯಾರಾಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಏಕೆ? ತನ್ನ ಜಾಣತನಕ್ಕೆ ರಿತ್ತಿಗೆ ನಗು ಬಂತು.

ಮಧ್ಯಾಹ್ನ ಬೀದಿಯಲ್ಲಿ ಹಾಡು, ನೀರೆರಚಾಟ. ಖಾಲಿ ಕಾರ್ಖಾನೆಯೊಳಗೆ ಹಿಂದಿನಿಂದ ಬಿದ್ದ ಮೊದಲ ಏಟಿಗೆ ವನ್ನಾಕ್ ತಿರುಗಿ, "ಭಾವ?" ಎಂದ. ಎರಡನೆಯದು ದವಡೆ ಮುರಿಯಿತು. ಬಿದ್ದವನು ತೆವಳಿದ; ಬೆರಳುಗಳು ರಿತ್ತಿಯ ಪಾದ ಹಿಡಿದವು. ಅವು ಸಡಿಲವಾಗುವವರೆಗೂ ಕಬ್ಬಿಣದ ಕೊಳವೆ ನಿಲ್ಲಲಿಲ್ಲ. ಯಂತ್ರ ಓಡಿಸಿದರೆ ಸದ್ದಿಗೆ, ಸಂಜೆ ಊರಿಗೆ ಹೊರಡಲಿದ್ದ ಗೇಟಿನ ಕಾವಲುಗಾರ ಬಂದಾನು. ಹಾಗಾಗಿ ತಲೆಯನ್ನು ಅದರ ಅಚ್ಚಿನ ಮೇಲಿಟ್ಟು, ಸುತ್ತಿಗೆಯಿಂದಲೇ ಗುರುತು ಸಿಗದಂತೆ ಜಜ್ಜಿದ. ಮೈಮೇಲೆ ಬಿಯರ್ ಸುರಿದ. ಅಂಗಿ ಬದಲಿಸಿ, ಕೊಳವೆ, ಸುತ್ತಿಗೆಗಳನ್ನು ಗೋಣಿಗೆ ತುಂಬಿ ಹೊರಬಂದಾಗ ಅಕ್ಕಪಕ್ಕದವರು ಹಬ್ಬದ ಪದ್ಧತಿಯಂತೆ ಅವನ ತಲೆಗೂ ನೀರು ಹೊಯ್ದು, ಕೆನ್ನೆಗೆ ಪೌಡರ್ ಬಳಿದು ಹರಸಿದರು.

ಮರುದಿನ ಬೆಳಿಗ್ಗೆ ತಮ್ಮನ ಹೆಣದ ಮುಂದೆ ರಿತ್ತಿಯ ಹೆಂಡತಿ ಸ್ರೈಮುಮ್ ಎದೆ ಬಡಿದುಕೊಳ್ಳುತ್ತಿದ್ದಳು. ರಿತ್ತಿಯೂ ಚೆನ್ನಾಗಿಯೇ ಅತ್ತ. "ನಾನು ಬಂದಾಗ ಯಂತ್ರ ಇನ್ನೂ ಓಡ್ತಾನೇ ಇತ್ತು ಸಾರ್. ಈ ಕೈಯಾರೆ ನಿಲ್ಲಿಸಿದೆ," ಎಂದ.

ಪೊಲೀಸ್ ಅಧಿಕಾರಿ ಪಿಸೆತ್ ತಲೆಯಾಡಿಸಿ, ಯಂತ್ರದ ಹಿಂಬದಿಗೆ ಹೋಗಿ ತಗಡಿನ ಮುಚ್ಚಳ ತೆಗೆದ. ಒಳಗಿಂದ ಹಲ್ಲಿಯೊಂದು ಜಿಗಿದು ಓಡಿತು. ತೋರಿಕೆಗೆ ಸಾಕೆಂದು ವನ್ನಾಕ್ ಗುಜರಿಯಿಂದ ತಂದು ಬಣ್ಣ ಹೊಡೆಸಿದ್ದ ಯಂತ್ರವದು. ಇಷ್ಟು ವರ್ಷಗಳಲ್ಲಿ ಓಡಿಸುವ ಪ್ರಸಂಗವೇ ಬಾರದ್ದರಿಂದ ರಿತ್ತಿ ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ಪಿಸೆತ್ ಖಾಲಿ ಗೂಡಿನೊಳಗೆ ಟಾರ್ಚು ಬಿಟ್ಟು, ಮೆಲ್ಲಗೆ ಕೇಳಿದ: "ಇದರಲ್ಲಿ ಮೋಟರೇ ಇಲ್ವಲ್ಲ ಯಜಮಾನ್ರೇ. ಏನನ್ನ ನಿಲ್ಲಿಸಿದ್ರಿ?"