ಬ್ಯಾನರ್ ಕೆಳಗಿನ ಕೇರಿ

ಸುನೀತಾ ನಕ್ಷೆಯ ಸುತ್ತ ಇನ್ನೊಂದು ಸುತ್ತು ಬಂದಳು. ಬಗ್ಗಿ ನೋಡಿದಳು. ಕುಕ್ಕರುಗಾಲಲ್ಲಿ ಕೂತು ನೋಡಿದಳು. ಇಲ್ಲ, ಅವಳ ಮನೆ ಎಲ್ಲೂ ಇಲ್ಲ!

ಶಾಲೆಯ ಮೈದಾನದ ತುಂಬ ಇಡೀ ಊರು ಹರಡಿಕೊಂಡಿತ್ತು. ಬಿಳಿ ರಂಗೋಲಿಯಲ್ಲಿ ರಸ್ತೆ, ಹಸಿರು ಪುಡಿಯಲ್ಲಿ ಗದ್ದೆ, ನೀಲಿಯಲ್ಲಿ ನೀರಿನ ಚಾನಲ್, ಕೆಂಪಿನಲ್ಲಿ ಮನೆಗಳು. ಬಸ್‌ಸ್ಟಾಪಿಗೆ ಒಂದು ಬೆಂಕಿಪೊಟ್ಟಣ ಇಟ್ಟಿದ್ದರು. ದೇವಸ್ಥಾನಕ್ಕೆ ಗುಂಡುಕಲ್ಲು, ಹಾಲಿನ ಡೈರಿಗೆ ಸ್ಟೀಲ್ ಲೋಟ. ಪಂಚಾಯ್ತಿ ಮೆಂಬರ್ ಮುರುಗೇಶಪ್ಪನ ದನದ ಕೊಟ್ಟಿಗೆಗೂ ಒಂದು ಕೆಂಪು ಚೌಕ ಬಿದ್ದಿತ್ತು. ದನಗಳಿಗೆ ಜಾಗ ಇದೆ, ಸುನೀತಾಳಿಗೆ ಇಲ್ಲ. ಇದೆಂಥ ನಕ್ಷೆ?

ನಕ್ಷೆ ಮಾಡಿಸಿದವರು ಯೂನಿವರ್ಸಿಟಿಯಿಂದ ಬಂದ ವಿದ್ಯಾರ್ಥಿಗಳು. ಅವರು ಒಂದು ವಾರದ ಕ್ಯಾಂಪಿಗೆಂದು ಬಸವಾಪಟ್ಟಣದ ಹತ್ತಿರದ ಈ ಊರಿಗೆ ಬಂದು, ಶಾಲೆಯಲ್ಲೇ ಉಳಿದುಕೊಂಡಿದ್ದರು. ನೀಲಿ ಟೀ ಶರ್ಟಿನವರು ಸಮಾಜಕಾರ್ಯ ಓದುವವರು, ಬಿಳಿ ಟೀ ಶರ್ಟಿನವರು ನರ್ಸಿಂಗ್ ಓದುವವರು. ನೀಲಿಯವರು ಊರಿನವರನ್ನು ಕೂಡಿಸಿಕೊಂಡು ನಕ್ಷೆ ಬರೆಯಬೇಕು. ಬಿಳಿಯವರು ಮರುದಿನ ಆ ನಕ್ಷೆ ಹಿಡಿದು ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡಬೇಕು. ಯಾವ ವಿಭಾಗದ ಕೆಲಸ ಚೆನ್ನಾಗಿದೆಯೋ ಅವರು ಯೂನಿವರ್ಸಿಟಿಯ ಪರವಾಗಿ ರಾಜ್ಯಮಟ್ಟದ ಮೇಳಕ್ಕೆ ಹೋಗುತ್ತಾರಂತೆ. ಅದನ್ನು ನೋಡಲು ದೊಡ್ಡ ಸರ್ ಒಬ್ಬರು ನಾಳೆ ಬರುವವರಿದ್ದರು. ಹಾಗಾಗಿ ಎರಡೂ ಬಣ್ಣದವರಿಗೆ ಬೆಳಗಿನಿಂದ ಕಾಲು ನಿಂತಲ್ಲಿ ನಿಂತಿರಲಿಲ್ಲ.

ಸುನೀತಾ ನೀಲಿಯವರ ಲೀಡರ್ ವಿನೋದನ ಹತ್ತಿರ ಹೋದಳು. ಅವನು ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದ.

"ಅಣ್ಣಾ, ನಮ್ಮನೆ ಎಲ್ಲೈತೆ?"

"ಹುಡುಕು ಪುಟ್ಟಾ, ಇರುತ್ತೆ. ಇಡೀ ಊರೇ ಇದೆಯಲ್ಲ!"

"ಹುಡುಕಿದೆ. ಇಲ್ಲ."

"ನಿಮ್ಮ ಮನೆ ಯಾವ ಕಡೆ?"

"ಚಾನಲ್ ಆಚೆ. ಜನತಾ."

ವಿನೋದ ತಲೆ ಎತ್ತಿ ನೋಡಿದ. ನೀಲಿ ಚಾನಲಿನ ಆಚೆಗೆ ಒಂದು ಚಿಟಿಕೆ ಬಣ್ಣವೂ ಬಿದ್ದಿರಲಿಲ್ಲ. ಬರೀ ಮಣ್ಣು. ಆ ಮಣ್ಣಿನಲ್ಲಿ ಎರಡು ಬಿದಿರು ಗಳ ನೆಟ್ಟು ದೊಡ್ಡ ಬ್ಯಾನರ್ ಕಟ್ಟಿದ್ದರು. 'ಸಮಾಜಕಾರ್ಯ ವಿಭಾಗ: ಪ್ರತಿ ಮನೆಯ ಜೊತೆ ನಾವು' ಎಂದು ಅದರಲ್ಲಿ ಬರೆದಿತ್ತು. ಅದರ ನೆರಳಿನಲ್ಲಿ ಮುರುಗೇಶಪ್ಪ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದ.

"ಸರ್," ವಿನೋದ ಅವನನ್ನು ಕೇಳಿದ, "ಚಾನಲ್ ಆಚೆನೂ ಮನೆ ಇದಾವಾ? ಬೆಳಿಗ್ಗೆ ಯಾರೂ ಹೇಳಲಿಲ್ಲ?"

"ಅದು ಜನತಾ ಅಲ್ವೇನಪ್ಪಾ," ಎಂದ ಮುರುಗೇಶಪ್ಪ ಟೀ ಆರಿಸುತ್ತ. "ಗೌರ್ಮೆಂಟಿನೋರು ಮನೆ ಕಟ್ಟಿಸಿ ಕೊಟ್ಟಿರೋದು. ಊರು ಬೇರೆ, ಜನತಾ ಬೇರೆ. ನೀವು ಊರು ಬರಿಯಾಕೆ ಹೇಳಿದ್ರಿ, ನಾವು ಊರು ಬರೆಸಿದ್ವಿ."

ಸುನೀತಾಳಿಗೆ ಮೈಯೆಲ್ಲ ಉರಿದುಹೋಯಿತು. ಅವಳಿಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಅದು ಅವಳ ಅಜ್ಜಿಗೆ ಗೊತ್ತು, ಟೀಚರಿಗೆ ಗೊತ್ತು, ಮುರುಗೇಶಪ್ಪನಿಗೆ ಮಾತ್ರ ಗೊತ್ತಿರಲಿಲ್ಲ.

"ಹಂಗಾರೆ ನಾವು ಯಾವ ಊರಿನೋರು?" ಎಂದು ಕೇಳಿದಳು. "ಓಟಿನ ಟೈಮಲ್ಲಿ ಫಸ್ಟ್ ನಮ್ಮ ಮನೆ ಬಾಗಿಲಿಗೇ ಬಂದಿದ್ರಲ್ಲ ಮೆಂಬರ್ರೇ! ಅವಾಗ ಚಾನಲ್ ಇರ್ಲಿಲ್ವಾ?"

ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮುರುಗೇಶಪ್ಪನ ಲೋಟದಿಂದ ಟೀ ಚೆಲ್ಲಿತು.

"ನೋಡ್ರಿ ಇದರ ಬಾಯಿನ! ಗೇಣುದ್ದ ಇಲ್ಲ," ಎಂದ ಅವನು ಪಂಚೆ ಒರೆಸಿಕೊಳ್ಳುತ್ತ.

ಸುನೀತಾಳಿಗೆ ನಗು ಬರಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಅಜ್ಜಿ. ಅಂತರಘಟ್ಟಮ್ಮಜ್ಜಿಯ ಹಿಮ್ಮಡಿಯಲ್ಲಿ ದಸರಾದಿಂದ ಒಂದು ಹುಣ್ಣು. ಏನು ಹಚ್ಚಿದರೂ ಮಾಯುತ್ತಿಲ್ಲ. ಅಜ್ಜಿಗೆ ಅಂಗಳ ದಾಟುವುದೇ ಕಷ್ಟ, ಚಾನಲಿನ ಸೇತುವೆ ದಾಟಿ ಶಾಲೆಗೆ ಬರುವುದು ಎಲ್ಲಿಯ ಮಾತು? "ನಾಳೆ ನರ್ಸಕ್ಕನೋರು ಮನೆಗೇ ಬರ್ತಾರಜ್ಜಿ," ಎಂದು ಸುನೀತಾ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು. ಅಜ್ಜಿ ಆಗಲೇ ಒಗೆದ ಸೀರೆಯೊಂದನ್ನು ಮಡಿಸಿ ತೆಗೆದಿಟ್ಟಿದ್ದಳು. ಬಂದವರಿಗೆ ಕೂರಲು ಇರಲೆಂದು ಪಕ್ಕದ ಮನೆಯಿಂದ ಒಂದು ಕುರ್ಚಿಯನ್ನೂ ತರಿಸಿದ್ದಳು.

"ಅಣ್ಣಾ, ನಮ್ಮ ಕೇರಿನೂ ಬರೀರಿ," ಎಂದಳು ಸುನೀತಾ. "ಇಲ್ಲಾಂದ್ರೆ ನರ್ಸಕ್ಕನೋರು ನಮ್ಮನೆಗೆ ಬರಲ್ಲ."

"ಫೋಟೋ ಆಗೋಯ್ತು ಪುಟ್ಟಾ," ವಿನೋದ ಫೋನ್ ತಿರುಗಿಸಿ ತೋರಿಸಿದ. "ಶಾಲೆ ಮಾಳಿಗೆ ಹತ್ತಿ ತೆಗೆದಿದ್ದು. ಎಷ್ಟು ಚೆಂದ ಬಂದಿದೆ ನೋಡು! ನಮ್ಮ ಸರ್‌ಗೂ ಕಳಿಸಿದ್ದಾಯ್ತು. ಈಗ ಕೆದಕಿದ್ರೆ ಎಲ್ಲ ಹಾಳಾಗುತ್ತೆ. ಅದೂ ಅಲ್ದೆ ಬಣ್ಣ ಖಾಲಿ. ನಿಮ್ಮಜ್ಜಿನ ಒಂದ್ಸಲ ಶಾಲೆಗೇ ಕರ್ಕೊಂಡು ಬಂದ್ಬಿಡು, ಆಯ್ತಾ?"

"ನಡಿಯಾಕೆ ಆಗಲ್ಲ ಅಂತ ತಾನೇ ನೀವು ಮನೆಗೆ ಬರೋದು!"

ಉತ್ತರ ತೋಚದಿದ್ದಾಗ ದೊಡ್ಡವರು ಏನು ಮಾಡುತ್ತಾರೋ ವಿನೋದನೂ ಅದನ್ನೇ ಮಾಡಿದ. ಯಾರೋ ಕರೆದರು ಎಂಬಂತೆ ಆ ಕಡೆ ತಿರುಗಿದ.

ಸುನೀತಾ ಹಲ್ಲು ಕಚ್ಚಿಕೊಂಡು ಸೀದಾ ಚಾನಲಿನ ಕಡೆ ನಡೆದಳು. ನೀಲಿ ಪುಡಿಯನ್ನು ತುಳಿಯದೆ ಹಾರಿದಳು. ಬ್ಯಾನರಿನ ಕೆಳಗೆ, ಎರಡು ಗಳಗಳ ನಡುವೆ, ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

"ಏ, ಏಳು ಅಲ್ಲಿಂದ," ಎಂದು ನೀಲಿ ಟೀ ಶರ್ಟಿನ ಹುಡುಗನೊಬ್ಬ ಕೂಗಿದ. "ಗ್ರೂಪ್ ಫೋಟೋ ತೆಗೀಬೇಕು."

"ಏಳಲ್ಲ. ಇದು ನಮ್ಮನೆ. ನಾನು ನಮ್ಮನೇಲಿ ಕೂತಿದೀನಿ."

ಸ್ವಲ್ಪ ಹೊತ್ತಿಗೆ ಪುಷ್ಪಾ ಬಂದು ಅವಳ ಪಕ್ಕದಲ್ಲಿ ಕೂತಳು. ಪುಷ್ಪಾ ಅವಳದೇ ಕ್ಲಾಸು, ಅವಳದೇ ಬೆಂಚು. ಅವಳ ಅಪ್ಪ ಓಬಳಪ್ಪ, ಅವ್ವ ಭೀಮಕ್ಕ ಜಗಳೂರು ಕಡೆಯಿಂದ ಇಟ್ಟಿಗೆ ಭಟ್ಟಿಯ ಕೆಲಸಕ್ಕೆಂದು ಬಂದವರು. ಪುಷ್ಪಾ ಮಾತಾಡುವುದು ಕಡಿಮೆ. ಅಟೆಂಡೆನ್ಸ್ ಕರೆದರೂ ಕೈ ಎತ್ತುತ್ತಾಳೆ, ಬಾಯಿ ಬಿಡುವುದಿಲ್ಲ. ಅವಳು ಬಂದು ಕೂತದ್ದು ಸುನೀತಾಳಿಗೆ ಒಳ್ಳೆಯ ಧೈರ್ಯ ಕೊಟ್ಟಿತು.

ಆಗ ಬಿಳಿ ಟೀ ಶರ್ಟಿನ ಪ್ರಮೀಳಾ ಬಿಪಿ ಮಶೀನಿನ ಡಬ್ಬಿ ಹಿಡಿದುಕೊಂಡು ಶಾಲೆಯಿಂದ ಹೊರಗೆ ಬಂದಳು.

"ಏನಿದು, ಇಲ್ಲಿ ಕೂತಿದೀರಿ?"

ಸುನೀತಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹುಣ್ಣು, ಸೀರೆ, ಕುರ್ಚಿ, ಕೊಟ್ಟಿಗೆ, ಓಟು, ಫೋಟೋ.

"ಹುಣ್ಣು ದಸರಾದಿಂದ ಮಾಯ್ತಿಲ್ವಾ?" ಪ್ರಮೀಳಾಳ ಮುಖ ಗಂಭೀರವಾಯಿತು. "ವಿನೋದ್, ಬಾ ಇಲ್ಲಿ!"

ವಿನೋದ ಬಂದ.

"ನಾಳೆ ನಡೆಯೋರು ನಾವು. ನಿನ್ನ ಫೋಟೋ ಹಿಡ್ಕೊಂಡು ನಾನು ಅರ್ಧ ಊರು ನೋಡಿ ಬರಲಾ?"

"ನಮ್ಮ ಡಿಪಾರ್ಟ್‌ಮೆಂಟ್ ನಕ್ಷೆ ಚೆನ್ನಾಗಿ ಬಂದಿದೆ ಅಂತ ನಿಮಗೆ ಹೊಟ್ಟೆಕಿಚ್ಚು."

"ಹೌದಪ್ಪಾ, ಹೊಟ್ಟೆಕಿಚ್ಚು. ನಿನ್ನ ಬ್ಯಾನರ್ ಓದು ಒಂದ್ಸಲ. ಜೋರಾಗಿ ಓದು."

ವಿನೋದ ತಲೆ ಎತ್ತಿ ಬ್ಯಾನರ್ ನೋಡಿದ. ಅದರ ಕೆಳಗೆ ಕೂತಿದ್ದ ಇಬ್ಬರು ಹುಡುಗಿಯರನ್ನು ನೋಡಿದ. ಅವನ ಕಿವಿ ಕೆಂಪಾಯಿತು. ಪ್ರಮೀಳಾ ಒಂದು ಗಳಕ್ಕೆ ಕೈ ಹಾಕಿ ಕಿತ್ತಳು. ಇನ್ನೊಂದನ್ನು ಅವನೇ ಕಿತ್ತ. ಮುರುಗೇಶಪ್ಪ ಗೊಣಗುತ್ತ ಕುರ್ಚಿ ಎತ್ತಿಕೊಂಡು ನಕ್ಷೆಯ ಊರಿನ ಬದಿಗೆ ಸರಿದು ಕೂತ.

"ಬಣ್ಣಕ್ಕೇನು ಮಾಡೋಣ?" ಎಂದ ವಿನೋದ. "ನಿಜವಾಗ್ಲೂ ಖಾಲಿ."

"ಇಟ್ಟಿಗೆ ಪುಡಿ ಐತ್ರಿ," ಎಂದು ಒಂದು ಸಣ್ಣ ದನಿ ಕೇಳಿತು.

ಎಲ್ಲರೂ ತಿರುಗಿ ನೋಡಿದರು. ಮಾತಾಡಿದವಳು ಪುಷ್ಪಾ!

"ನಮ್ಮ ಭಟ್ಟಿ ತಾವ ಗುಡ್ಡೆ ಬಿದ್ದೈತೆ. ತರ್ತೀನ್ರಿ," ಎಂದವಳೇ ಓಡಿದಳು. ತಿರುಗಿ ಬರುವಾಗ ಅವಳ ತಲೆಯ ಮೇಲೆ ಇಟ್ಟಿಗೆ ಪುಡಿ ತುಂಬಿದ ಸಿಮೆಂಟಿನ ಚೀಲವಿತ್ತು. ಹಣೆಯಿಂದ ಕೆಂಪು ಬೆವರು ಇಳಿಯುತ್ತಿತ್ತು. ಮೊಣಕೈವರೆಗೂ ಕೈ ಕೆಂಪಾಗಿತ್ತು.

ಆಮೇಲೆ ಸುನೀತಾಳನ್ನು ಹಿಡಿಯುವವರೇ ಇರಲಿಲ್ಲ. ಚೀಲಕ್ಕೆ ಕೈ ಹಾಕುವುದು, ಹಿಡಿ ಪುಡಿ ತೆಗೆಯುವುದು, ಮನೆಯ ಹೆಸರು ಕೂಗಿ ಹೇಳಿ ಹಾಕುವುದು. "ಇದು ಸೇತುವೆ. ಇದು ನೀರಿನ ಟ್ಯಾಂಕು. ಇದು ಚಿಕ್ಕಹನುಮಂತಪ್ಪ ತಾತನ ಮನೆ. ಇದು ಟೈಲರ್ ನಾಗರತ್ನಕ್ಕನ ಮನೆ. ಇಲ್ಲಿ ಚರಂಡಿ ಒಡೆದೈತೆ, ಅದನ್ನೂ ಬರ್ಕೊಳ್ರಿ!" ಎಂದು ಅವಳು ಹೇಳುತ್ತಿದ್ದರೆ ಯೂನಿವರ್ಸಿಟಿಯವರು ಅವಳ ಹಿಂದೆ ಹಿಂದೆ ತಿರುಗುತ್ತಿದ್ದರು. ಪುಷ್ಪಾ ಚೀಲ ಎಳೆದುಕೊಂಡು ಜೊತೆಗೇ ಬರುತ್ತಿದ್ದಳು.

ಕೊನೆಗೆ ಸುನೀತಾ ತನ್ನ ಮನೆ ಮಾಡಿದಳು. ಅದನ್ನು ಎಲ್ಲಕ್ಕಿಂತ ದೊಡ್ಡದಾಗಿ ಮಾಡಿದಳು. ಮುರುಗೇಶಪ್ಪನ ಮನೆಗಿಂತ, ಅವನ ಕೊಟ್ಟಿಗೆಗಿಂತ ದೊಡ್ಡದು. ಮಾಡಲೇಬೇಕಿತ್ತು.

"ನಾಳೆ ಫಸ್ಟ್ ಇಲ್ಲಿಗೇ ಬರ್ಬೇಕು ಅಕ್ಕಾ. ಪ್ರಾಮಿಸ್?"

"ಪ್ರಾಮಿಸ್," ಎಂದಳು ಪ್ರಮೀಳಾ. "ಎಲ್ಲ ಆಯ್ತಲ್ಲ? ಯಾರೂ ಉಳಿದಿಲ್ಲ ತಾನೇ?"

"ಎಲ್ಲ ಬಂತು."

ಈ ಸಲ ವಿನೋದ ಅಷ್ಟಕ್ಕೇ ಬಿಡಲಿಲ್ಲ. ಒಮ್ಮೆ ಪೆಟ್ಟು ತಿಂದಿದ್ದನಲ್ಲ! ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡಿದ.

"ನಿಮ್ಮ ಜನತಾ ದಾಟಿ ಅಲ್ಲಿ ಹೊಗೆ ಕಾಣ್ತಿದೆಯಲ್ಲ, ಅಲ್ಲಿ ಯಾರೂ ಇಲ್ವಾ?"

ಸುನೀತಾ ಆ ಕಡೆ ನೋಡಲೂ ಇಲ್ಲ. ಮನೆಯ ಬಾಗಿಲನ್ನು ಬೆರಳಲ್ಲಿ ತಿದ್ದುತ್ತ ಹೇಳಿದಳು:

"ಅದು ಭಟ್ಟಿ ಅಣ್ಣಾ. ಊರು ಬೇರೆ, ಭಟ್ಟಿ ಬೇರೆ."

"ಹಾಂ! ಈಗ ಸರಿಯಾಗಿ ಹೇಳ್ದೆ ನೋಡು," ಎಂದು ಮುರುಗೇಶಪ್ಪ ಕುರ್ಚಿಯಿಂದಲೇ ತಲೆ ಆಡಿಸಿದ.

ಸುನೀತಾಳ ಬೆರಳು ಅಲ್ಲೇ ನಿಂತಿತು.

ಅವಳು ನಿಧಾನವಾಗಿ ತಲೆ ಎತ್ತಿದಳು. ಪುಷ್ಪಾ ಖಾಲಿ ಚೀಲವನ್ನು ಕೊಡವಿ ಮಡಿಸುತ್ತಿದ್ದಳು. ಅರ್ಧ ಮಾಡಿದಳು, ಕಾಲು ಮಾಡಿದಳು, ಇನ್ನೂ ಮಡಿಸುತ್ತಲೇ ಇದ್ದಳು. ಅವಳು ಏನೂ ಕೇಳಲಿಲ್ಲ. ನಮ್ಮನೆ ಎಲ್ಲೈತೆ ಎಂದು ಕೂಗಲಿಲ್ಲ, ಯಾರ ದಾರಿಗೂ ಅಡ್ಡ ಕೂರಲಿಲ್ಲ. ಈ ಕೆಂಪೆಲ್ಲ ಅವಳ ತಲೆಯ ಮೇಲೆಯೇ ಬಂದದ್ದು.

ಸುನೀತಾಳ ಮುಖಕ್ಕೆ ಬಿಸಿ ಏರಿತು. ಬೆಳಗಿನಿಂದ ಎಷ್ಟು ಸಿಟ್ಟು ಮಾಡಿದ್ದಳು! ಮುರುಗೇಶಪ್ಪನ ಮೇಲೆ, ವಿನೋದನ ಮೇಲೆ, ನಕ್ಕವರ ಮೇಲೆ. ಈ ಸಿಟ್ಟು ಅದಕ್ಕಿಂತ ಕೆಟ್ಟದಾಗಿತ್ತು. ಇದನ್ನು ಯಾರ ಮೇಲೂ ಹಾಕುವ ಹಾಗಿರಲಿಲ್ಲ.

ಚೀಲದಲ್ಲಿ ಪುಡಿ ಇರಲಿಲ್ಲ. ಸುನೀತಾ ತನ್ನ ದೊಡ್ಡ ಮನೆಯ ಮುಂದೆ ಕೂತು, ಎರಡೂ ಕೈಯಿಂದ ಬೊಗಸೆ ತುಂಬ ಬಾಚಿಕೊಂಡಳು. ಒಂದು ಗೋಡೆ ಪೂರ್ತಿ ಹೋಯಿತು.

"ಪುಷ್ಪಾ, ಕೈ ಒಡ್ಡು."

ಪುಷ್ಪಾ ಅನುಮಾನದಿಂದ ಕೈ ಒಡ್ಡಿದಳು.

"ನಿಮ್ಮನೆ ಎಲ್ಲಿ ಬರ್ತೈತೆ ಅಂತ ನಂಗೆ ಸರಿಯಾಗಿ ಗೊತ್ತಿಲ್ಲ," ಎಂದಳು ಸುನೀತಾ. ಹೇಳುವಾಗ ನಾಚಿಕೆಯಾಯಿತು. ಒಂದೇ ಬೆಂಚಿನಲ್ಲಿ ಕೂತು, ಉಪ್ಪಿನಕಾಯಿ ಹಂಚಿಕೊಂಡು ತಿಂದು, ಒಂದು ದಿನವೂ ಅವಳ ಮನೆಗೆ ಹೋಗಿರಲಿಲ್ಲ. "ನೀನೇ ಹಾಕು."

ಪುಷ್ಪಾ ನಾಲ್ಕು ಹೆಜ್ಜೆ ನಡೆದು ಬಗ್ಗಿದಳು. "ಭಟ್ಟಿಯಿಂದ ಈಚೆಗೆ, ಬೇವಿನ ಮರದ ತಾವ," ಎಂದು ಒಂದು ಪುಟ್ಟ ಗುಡ್ಡೆ ಹಾಕಿದಳು. ಪಕ್ಕದಲ್ಲಿ ಇನ್ನೊಂದು ಹಾಕಿದಳು. ಅದರಾಚೆ ಮತ್ತೊಂದು. "ನಾವೊಬ್ರೇ ಅಲ್ಲ, ಇನ್ನೂ ಶೆಡ್ಡು ಅದಾವೆ."

"ಮನೇಲಿ ಯಾರ್ಯಾರು ಇದೀರಿ?" ಎಂದು ಪ್ರಮೀಳಾ ಕೇಳಿದಳು.

"ಅಪ್ಪ, ಅವ್ವ, ನಾನು. ಅವ್ವಗೆ ಈಗ ಎಂಟು ತಿಂಗಳು ತುಂಬೈತ್ರಿ. ಕಾಲು ಬಾತೈತೆ. ಒಂದೊಂದ್ಸಲ ಕಣ್ಣು ಮಂಜಾಗ್ತಾವಂತೆ. ನಮ್ಮ ಕಡೆ ಯಾರೂ ನೋಡಾಕೆ ಬಂದಿಲ್ಲ."

ಪ್ರಮೀಳಾ ಮತ್ತು ವಿನೋದ ಮುಖ ಮುಖ ನೋಡಿಕೊಂಡರು. ಪ್ರಮೀಳಾ ಬಿಪಿ ಮಶೀನಿನ ಡಬ್ಬಿಯನ್ನು ಬಗಲಿಗೆ ಹಾಕಿಕೊಂಡಳು.

"ಬಸುರಿಗೆ ಹೀಗಾಗ್ತಿದ್ರೆ ಬಿಪಿ ಜಾಸ್ತಿ ಇರಬಹುದು. ನಾಳೆವರೆಗೂ ಯಾಕೆ? ನಾನು ಈಗಲೇ ಹೋಗ್ತೀನಿ," ಎಂದವಳು ಸುನೀತಾಳ ಕಡೆ ತಿರುಗಿದಳು. "ಫಸ್ಟ್ ನಿಮ್ಮನೆಗೆ ಅಂತ ಪ್ರಾಮಿಸ್ ಮಾಡಿದೀನಲ್ಲ. ನಡಿ, ನಿಮ್ಮಜ್ಜಿನ ನೋಡ್ಕೊಂಡು ಆ ಕಡೆ ಹೋಗೋಣ."

ಸುನೀತಾ ನಕ್ಷೆ ನೋಡಿದಳು. ಗೋಡೆ ಇಲ್ಲದ ಅವಳ ಮನೆ, ಅದರಾಚೆ ಒಂದಿಷ್ಟು ಜಾಗ, ಅದರಾಚೆ ಬೇವಿನ ಮರದ ಹತ್ತಿರ ಮೂರು ಪುಟ್ಟ ಗುಡ್ಡೆ. ಒಗೆದ ಸೀರೆ ಮಡಿಸಿಟ್ಟುಕೊಂಡು ನಾಳೆಗೆ ಕಾಯುತ್ತಿರುವ ಅಜ್ಜಿ ನೆನಪಾದಳು.

"ಫಸ್ಟ್ ಆ ತುದಿಗೆ ಹೋಗೋಣ ಅಕ್ಕಾ," ಎಂದಳು. "ಬರ್ತಾ ನಮ್ಮನೆ ದಾರೀಲೇ ಸಿಗತೈತೆ. ಅಜ್ಜಿಗೆ ನಾನು ಹೇಳ್ತೀನಿ."

ಪುಷ್ಪಾ ಮುಂದೆ ಮುಂದೆ ನಡೆದಳು. ಸೇತುವೆ ದಾಟುವಾಗ ತನ್ನ ಕೆಂಪು ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಹಿಂದಕ್ಕೆ ಚಾಚಿದಳು. ಸುನೀತಾ ಅದನ್ನು ಹಿಡಿದುಕೊಂಡಳು.